ಗಾಳಿ ನುಗ್ಗೋದು ಹಿಂದಿನಿಂದ: ಕ್ಯಾರವಾನ್ ಆವ್ನಿಂಗ್ ಬಿಗಿಯಾಗಿ ಕಟ್ಟಲು ಕಲಿತ ಕಥೆ

ರಾತ್ರಿ ಎರಡು ಗಂಟೆ ಆಗಿರಬೇಕು. "ರೀ, ಎದ್ದೇಳಿ, ಹೊರಗೆ ಏನೋ ಬಡೀತಾ ಇದೆ" ಅಂತ ಹೆಂಡತಿ ಎಬ್ಬಿಸಿದಳು. ವೇಲ್ಸ್‌ನ ಪಶ್ಚಿಮ ತುದಿ, ಪೆಂಬ್ರೋಕ್‌ಷೈರ್. ಸೇಂಟ್ ಡೇವಿಡ್ಸ್ ಊರಾಚೆ ಸಮುದ್ರದ ಕಡೆಗಿನ ಒಂದು ಹೊಲದಲ್ಲಿ ನಮ್ಮ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ನಿಂತಿತ್ತು. ಬಾಗಿಲು ತೆಗೆದು ಟಾರ್ಚ್ ಹಿಡಿದೆ. ಆವ್ನಿಂಗ್, ಅಂದರೆ ಬಾಗಿಲ ಮುಂದೆ ಕಟ್ಟುವ ಬಟ್ಟೆಯ ಜಗಲಿ, ಉಸಿರಾಡ್ತಾ ಇತ್ತು. ಬಟ್ಟೆ ಉಬ್ಬಿಕೊಂಡು ಮೇಲೇಳೋದು, ಪಟ್ ಅಂತ ಒಳಗೆ ಕುಸಿಯೋದು. ಹಿಂದಿನ ಒಂದು ಕಂಬ ಜಾಗ ಬಿಟ್ಟು ಸರಿದು, ಕ್ಯಾರವಾನ್ ಕಿಟಕಿಗೆ ಉಜ್ಜುತ್ತಿತ್ತು. ಆ ಕಿಟಕಿ ಗಾಜಲ್ಲ, ಅಕ್ರಿಲಿಕ್. ಅವತ್ತು ಬಿದ್ದ ಗೀರು ಇವತ್ತಿಗೂ ಇದೆ.

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿ 1997ರ ನಂತರ ಲೈಸೆನ್ಸ್ ಪಡೆದವರು ಕಾರಿಗೆ ದೊಡ್ಡ ಟ್ರೈಲರ್ ಕಟ್ಟಿ ಎಳೆಯಲು ಬೇರೆ ಪರೀಕ್ಷೆ ಪಾಸಾಗಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಆ ನಿಯಮ ಹೋಯಿತು. ಮುಂದಿನ ಬೇಸಿಗೆಗೆ ನಾವು ಹಳೆಯ ಕ್ಯಾರವಾನ್ ಒಂದನ್ನು ಕೊಂಡೆವು. ಅದರ ಜೊತೆಗೆ ಬಂದದ್ದು ಈ ಪೋರ್ಚ್ ಆವ್ನಿಂಗ್. ಚಪ್ಪಲಿ, ಒದ್ದೆ ಕೋಟು, ಮಡಚುವ ಕುರ್ಚಿ ಎಲ್ಲಾ ಅಲ್ಲೇ. ಮಳೆ ಬಂದಾಗ ಕೂತು ಚಹಾ ಕುಡಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಬೆಳಿಗ್ಗೆ ಪಕ್ಕದ ಕ್ಯಾರವಾನಿನ ವಯಸ್ಸಾದ ಒಬ್ಬರು ಬಂದರು. ನಾನು ಮುಂದಿನ ಹಗ್ಗಗಳನ್ನು ಇನ್ನಷ್ಟು ಜಗ್ಗಿ ಕಟ್ಟುತ್ತಿದ್ದೆ. ಅವರು ಹಗ್ಗದ ಕಡೆ ನೋಡಲೇ ಇಲ್ಲ. ನೇರ ಹಿಂದಕ್ಕೆ ಹೋಗಿ, ಆವ್ನಿಂಗ್‌ನ ಅಂಚಿಗೂ ಕ್ಯಾರವಾನ್ ಗೋಡೆಗೂ ಮಧ್ಯೆ ಕೈ ತೂರಿಸಿದರು. ಮೊಣಕೈವರೆಗೂ ಹೋಯಿತು. "ನಿಮ್ಮ ತೊಂದರೆ ಇಲ್ಲಿದೆ" ಅಂದರು.

ನನಗೆ ಆಗ ನೆನಪಾಗಿದ್ದು ನಮ್ಮೂರಿನ ಮದುವೆ ಶಾಮಿಯಾನ. ಜೋರು ಗಾಳಿ ಏಳುವ ಹೊತ್ತಿಗೆ ಶಾಮಿಯಾನದವರು ಪಕ್ಕದ ಪರದೆಗಳನ್ನು ಮೇಲೆತ್ತಿ ಕಟ್ಟಿಬಿಡುತ್ತಿದ್ದರು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೊರಟುಹೋಗುತ್ತಿತ್ತು. ಆವ್ನಿಂಗ್‌ನಲ್ಲಿ ಹಾಗೆ ಆಗಲ್ಲ. ಮೂರು ಕಡೆ ಬಟ್ಟೆ, ಒಂದು ಕಡೆ ಕ್ಯಾರವಾನ್. ಹಿಂದಿನ ಸಂದಿನಲ್ಲಿ ಒಳಗೆ ಬಂದ ಗಾಳಿಗೆ ಹೊರದಾರಿಯೇ ಇಲ್ಲ. ಅದು ಸೂರನ್ನು ಎತ್ತುತ್ತದೆ. ಆಗ ಮುಂದೆ ಎಷ್ಟು ಹಗ್ಗ ಬಿಗಿದರೂ ಸುಮ್ನೆ. ಆದ್ದರಿಂದ ಈಗ ನನ್ನ ಅರ್ಧಕ್ಕಿಂತ ಜಾಸ್ತಿ ಸಮಯ ಹಿಂದಿನ ಅಂಚಿಗೇ ಹೋಗುತ್ತದೆ.

ಕೆಲಸ ಶುರುವಾಗೋದು ಗಾಡಿ ನಿಲ್ಲಿಸುವಾಗಲೇ. ಬ್ರಿಟನ್ನಿನ ಕ್ಯಾರವಾನ್‌ಗಳ ಬಾಗಿಲು ಎಡಗಡೆ, ಹಾಗಾಗಿ ಆವ್ನಿಂಗೂ ಎಡಗಡೆಯೇ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಮೂತಿ ಆಗ್ನೇಯಕ್ಕೆ ಇಟ್ಟು ನಿಲ್ಲಿಸಿದರೆ ಕ್ಯಾರವಾನ್ ಬಲಗಡೆಗೆ ಹೊಡೆತ ತಿನ್ನುತ್ತದೆ, ಆವ್ನಿಂಗ್ ಅದರ ಮರೆಯಲ್ಲಿ ಇರುತ್ತದೆ. ಎಲ್ಲಾ ಕಡೆ ಈ ಸ್ವಾತಂತ್ರ್ಯ ಸಿಗಲ್ಲ. ಗಾಡಿಗಳ ಮಧ್ಯೆ 6 ಮೀಟರ್ ಅಂತರ ಇರಲೇಬೇಕು ಅಂತ ಕೆಲವು ಕಡೆ ನಿಲ್ಲಿಸುವ ದಿಕ್ಕನ್ನೂ ಜಾಗದ ಮಾಲೀಕರೇ ಹೇಳುತ್ತಾರೆ. ಆದರೂ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ, ಅಲ್ವಾ?

ಆಮೇಲೆ ಮಟ್ಟ. ಸ್ಪಿರಿಟ್ ಲೆವೆಲ್ ಇಟ್ಟು ಗಾಡಿಯನ್ನು ಪೂರ್ತಿ ಸಮ ಮಾಡಿ, ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿದ ಮೇಲೇ ಆವ್ನಿಂಗ್ ಚೀಲ ಬಿಚ್ಚುತ್ತೇನೆ. ಮೊದಲು ಆವ್ನಿಂಗ್ ಕಟ್ಟಿ ಆಮೇಲೆ ಕಾಲು ಏರಿಸಿ ಇಳಿಸಿದರೆ ಎತ್ತರ ಬದಲಾಗಿ ಬಟ್ಟೆ ಒಂದು ಕಡೆ ಜೋಲುತ್ತದೆ.

ಕ್ಯಾರವಾನ್ ಅಂಚಿನಲ್ಲಿ ಒಂದು ರೈಲ್ ಇರುತ್ತದೆ. ಆವ್ನಿಂಗ್‌ನ ದಪ್ಪ ಅಂಚು ಅದರೊಳಗೆ ಜಾರಿಕೊಂಡು ಹೋಗಬೇಕು. ರೈಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯುತ್ತೇನೆ. ಸ್ಪ್ರೇ ಮರೆತ ದಿನ ಅಂಚಿಗೆ ಮೇಣದಬತ್ತಿ ಉಜ್ಜಿದ್ದೂ ಇದೆ. ಗಾಳಿ ಇದ್ದರೆ ಒಂದು ಎಚ್ಚರಿಕೆ: ಅಂಚು ಪೂರ್ತಿ ರೈಲ್ ಒಳಗೆ ಹೋಗುವ ತನಕ ಬಟ್ಟೆಯನ್ನು ಬಿಚ್ಚಲೇಬೇಡಿ. ಹೆಂಡತಿ ಸ್ಟೂಲ್ ಮೇಲೆ ನಿಂತು ಅಂಚನ್ನು ರೈಲಿಗೆ ಕೊಡುತ್ತಾಳೆ, ನಾನು ಆ ಕಡೆಯಿಂದ ಎಳೆಯುತ್ತೇನೆ. ಉಳಿದ ಬಟ್ಟೆ ಸುರುಳಿಯಾಗಿಯೇ ಇರುತ್ತದೆ. ಬಿಚ್ಚಿದರೆ ದೋಣಿಯ ಹಾಯಿ ಹಿಡಿದ ಹಾಗೆ, ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ.

ಎರಡೂ ಹಿಂದಿನ ಅಂಚುಗಳು ಕಿಟಕಿಯ ಮೇಲೆ ಬೀಳದೆ, ಸಪಾಟಾದ ಗೋಡೆಯ ಮೇಲೆ ಇಳಿಯಬೇಕು. ಜಾಗ ಸರಿಯಾದ ಮೇಲೆ ರೈಲಿನ ಎರಡೂ ಕಡೆ ಸ್ಟಾಪರ್ ಹಾಕಿ ತಿರುಪು ಬಿಗಿಯುತ್ತೇನೆ. ಬೆರಳಷ್ಟು ಚಿಕ್ಕ ಸಾಮಾನು ಅದು. ನಮಗೆ ಆ ರಾತ್ರಿ ಇದ್ದಿರಲಿಲ್ಲ. ಗಾಳಿ ಹೊಡೆದ ಹಾಗೆಲ್ಲ ಇಡೀ ಆವ್ನಿಂಗ್ ರೈಲಿನಲ್ಲಿ ಸ್ವಲ್ಪ ಸ್ವಲ್ಪವೇ ಸರಿದು, ಕಂಬ ಕಿಟಕಿಯ ಮೇಲೆ ಬಂದಿತ್ತು.

ಈಗ ಹಿಂದಿನ ಗೂಟಗಳು. ಮೊದಲು ಇವನ್ನೇ ಹೊಡೆಯಬೇಕು. ಬಟ್ಟೆಯನ್ನು ನೇರ ಕೆಳಕ್ಕೆ ಎಳೆದು, ಒಂಚೂರು ಕ್ಯಾರವಾನಿನ ಅಡಿಗೆ ಹೋಗುವ ಹಾಗೆ ಗೂಟ ಹೊಡೆಯುತ್ತೇನೆ. ಆಮೇಲೆ ಹಿಂದಿನ ಕಂಬಗಳು. ಕಂಬಕ್ಕೂ ಗೋಡೆಗೂ ಮಧ್ಯೆ ಫೋಮ್ ಪ್ಯಾಡ್ ಇರುತ್ತದೆ. ಕಂಬದ ಬುಡವನ್ನು ಗೋಡೆ ಕಡೆ ತಳ್ಳಿ ಗೂಟ ಹೊಡೆದರೆ ಪ್ಯಾಡ್ ಒತ್ತಿಕೊಳ್ಳುತ್ತದೆ. ಎಷ್ಟು ಒತ್ತಿದರೆ ಸಾಕು? ನನ್ನದೊಂದು ಪರೀಕ್ಷೆ ಇದೆ. ಅಂಗಡಿ ರಸೀದಿ ಒಂದನ್ನು ಪ್ಯಾಡಿಗೂ ಗೋಡೆಗೂ ಮಧ್ಯೆ ಇಟ್ಟು ಎಳೆಯುತ್ತೇನೆ. ಸಲೀಸಾಗಿ ಬಂದರೆ ಸಡಿಲ. ಹರಿದು ಬಂದರೆ ಸರಿ. ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ನೋಡಬೇಕು. ನಮ್ಮ ಗಾಡಿಯ ಗೋಡೆ ಕೆಳಗೆ ಬರುತ್ತಾ ಒಳಕ್ಕೆ ಬಾಗಿದೆ. ಅಲ್ಲಿ ಪ್ಯಾಡ್ ಮುಟ್ಟುವುದೇ ಇಲ್ಲ. ನೀರಿನ ಪೈಪಿಗೆ ಚಳಿಗಾಲದಲ್ಲಿ ತೊಡಿಸುವ ಫೋಮ್ ಕೊಳವೆಯನ್ನು ಅರ್ಧ ಮೀಟರ್ ಕತ್ತರಿಸಿ ಆ ಸಂದಿಗೆ ತುರುಕಿದೆ. ತೀರಾ ಅಗ್ಗದ ವಸ್ತು, ಆದರೆ ಅದು ಮಾಡಿದಷ್ಟು ಕೆಲಸ ಬೇರೆ ಯಾವುದೂ ಮಾಡಲಿಲ್ಲ.

ಗಾಡಿಯ ಅಡಿಯಿಂದ ಬರುವ ಗಾಳಿಗೆ ಸ್ಕರ್ಟ್ ಇದೆ. ಗೋಡೆಯ ಕೆಳಗಿನ ಸಣ್ಣ ಸಂದಿನಲ್ಲಿ ಜಾರಿಸುವ ಉದ್ದನೆಯ ಪಟ್ಟಿ ಅದು, ಚಕ್ರಕ್ಕೆ ಬೇರೆ ಕವರ್. ಎರಡೂ ಹಾಕಿದ ಮೇಲೆ ಕೊನೆಯ ಪರೀಕ್ಷೆ: ಒಳಗೆ ಮಂಡಿಯೂರಿ ಕೂತು, ಅಂಗೈ ಹಿಂಭಾಗವನ್ನು ನೀರಲ್ಲಿ ಅದ್ದಿ, ಅಂಚಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತೇನೆ. ಒದ್ದೆ ಚರ್ಮಕ್ಕೆ ಸಣ್ಣ ಗಾಳಿಯೂ ತಣ್ಣಗೆ ತಾಗುತ್ತದೆ. ಎಲ್ಲಿ ತಣ್ಣಗಾಯಿತೋ ಅಲ್ಲಿ ತೂತಿದೆ ಅಂತಲೇ ಅರ್ಥ.

ಮುಂಭಾಗ ಬೇಗ ಮುಗಿಯುತ್ತದೆ. ಎಲ್ಲಾ ಜಿಪ್ ಹಾಕಿಕೊಂಡೇ ಮೂಲೆಗಳನ್ನು ಓರೆಯಾಗಿ ಎಳೆದು ಗೂಟ ಹೊಡೆಯಿರಿ. ಜಿಪ್ ಸಲೀಸಾಗಿ ಓಡಿದರೆ ಎಳೆತ ಸರಿ. ಗೂಟದ ತಲೆ ಆವ್ನಿಂಗ್‌ನಿಂದ ಆಚೆಗೆ ವಾಲಿರಲಿ. ಹುಲ್ಲಿಗೆ ಉದ್ದನೆಯ ಗೂಟ, ಜಲ್ಲಿ ನೆಲಕ್ಕೆ ಕಬ್ಬಿಣದ ಗಟ್ಟಿ ಗೂಟ. ಇದರ ಜೊತೆಗೆ ಗಾಳಿ ಬರುವ ಕಡೆಗೆ ಸ್ಪ್ರಿಂಗ್ ಇರುವ ಸ್ಟಾರ್ಮ್ ಸ್ಟ್ರಾಪ್, ಅಂದರೆ ಬಿರುಗಾಳಿಗೆ ಕಟ್ಟುವ ಪಟ್ಟಿ, ಹಾಕುತ್ತೇನೆ. ಜೋರು ಹೊಡೆತ ಬಂದಾಗ ಸ್ಪ್ರಿಂಗ್ ಒಂಚೂರು ಕೊಡುತ್ತದೆ, ಗೂಟ ಕಿತ್ತು ಬರಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಎಲ್ಲಾ ಮುಟ್ಟಿ ನೋಡಬೇಕು. ಒಂದಾದರೂ ಸಡಿಲ ಸಿಕ್ಕೇ ಸಿಗುತ್ತದೆ.

ಇಷ್ಟು ಬಿಗಿ ಮಾಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದ್ದಿಲಿನ ಬಾರ್ಬೆಕ್ಯೂ ಆರಿದೆ ಅಂದುಕೊಂಡು ಆವ್ನಿಂಗ್ ಒಳಗೆ ತರಬೇಡಿ. ಗ್ಯಾಸ್ ಒಲೆಯನ್ನೂ ಅಲ್ಲಿ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ. ಕ್ಯಾರವಾನಿನ ಗಾಳಿ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಇನ್ನು ಇಳಿಸುವ ಮಾತು. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಗಾಳಿಯ ಸರಾಸರಿ ವೇಗ ಬೇರೆ, ಜೋರು ಹೊಡೆತದ ವೇಗ ಬೇರೆ ಕೊಡುತ್ತಾರೆ. ನಾನು ನೋಡೋದು ಎರಡನೆಯದನ್ನು. ಗಂಟೆಗೆ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ದಾಟುತ್ತದೆ ಅಂದರೆ ಬೆಳಕಿರುವಾಗಲೇ ಇಳಿಸಿಬಿಡುತ್ತೇನೆ. ಗಾಳಿ ಕಡೆಯ ಗೂಟಗಳನ್ನು ಹಾಗೇ ಬಿಟ್ಟು, ಮೊದಲು ಮುಂದಿನ ಕಂಬ ಬೀಳಿಸಬೇಕು. ಬಟ್ಟೆ ನೆಲಕ್ಕೆ ಮಲಗಿದ ಮೇಲೆ ಗೋಡೆ ಕಡೆಗೆ ಸುತ್ತಿಕೊಂಡು ಹೋಗಿ, ಕೊನೆಗೆ ರೈಲಿನಿಂದ ಜಾರಿಸಬೇಕು.

ಮೊನ್ನೆ ಅದೇ ಹೊಲಕ್ಕೆ ಮತ್ತೆ ಹೋಗಿದ್ದೆವು. ಎರಡನೇ ರಾತ್ರಿ 35 ಮೈಲಿ ಹೊಡೆತ ಇತ್ತು. ನಾನು ಎರಡು ಸಲ ಎದ್ದು ಹಿಂದಿನ ಅಂಚಿಗೆ ಕೈ ಇಟ್ಟು ನೋಡಿದೆ. ಬೆರಳೂ ತೂರಲಿಲ್ಲ. ವಾಪಸ್ ಹೊರಟಾಗ ಬಟ್ಟೆ ಪೂರ್ತಿ ನೆನೆದಿತ್ತು. ಒದ್ದೆಯಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಈಗ ನಮ್ಮ ಮನೆಯ ಮೆಟ್ಟಿಲ ಕಟಕಟೆಯ ಮೇಲೆ, ಮೇಲಿಂದ ಕೆಳಗಿನವರೆಗೂ ಹರಡಿ ಒಣಗಲು ಬಿಟ್ಟಿದ್ದೇವೆ. ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೊಲಿಗೆ ಬಿಟ್ಟಿರುವ ಕಡೆಗೆಲ್ಲ ಸುಣ್ಣದಕಡ್ಡಿಯಲ್ಲಿ ಗುರುತು ಹಾಕುತ್ತಿದ್ದಾಳೆ.