ಒಂದು ಅಕ್ಷರ ತಿದ್ದಿಸಲು ನಾಲ್ಕು ತಿಂಗಳು

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಬಂದ ಮರಣ ಪ್ರಮಾಣಪತ್ರದಲ್ಲಿ ಅವರ ಹೆಸರಿನ ಕೊನೆಗೆ ‘ಯ್ಯ’ ಇರಬೇಕಾದ ಕಡೆ ‘ಪ್ಪ’ ಅಂತಿತ್ತು. ಆ ದುಃಖದಲ್ಲಿ ನಾವ್ಯಾರೂ ಗಮನಿಸಿರಲಿಲ್ಲ. ಕುಟುಂಬ ಪಿಂಚಣಿಗೆಂದು ಅಮ್ಮನನ್ನು ಬ್ಯಾಂಕಿಗೆ ಕರೆದುಕೊಂಡು ಹೋದಾಗ, ಅಲ್ಲಿನವರು ಎರಡು ಕಾಗದ ಪಕ್ಕಪಕ್ಕ ಇಟ್ಟು, “ದಾಖಲೆ ಪ್ರಕಾರ ಇವರು ಬೇರೆ, ಅವರು ಬೇರೆ ಅಂತಾಗುತ್ತೆ ಅಮ್ಮಾ, ತಿದ್ದಿಸ್ಕೊಂಡು ಬನ್ನಿ” ಅಂದರು. ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಆ ಮಾತು ಎಷ್ಟು ಚುಚ್ಚಿತೋ, ಮನೆಗೆ ಬರುವ ತನಕ ಅಮ್ಮ ಬಾಯಿ ಬಿಡಲಿಲ್ಲ.

ನೋಂದಣಿ ಕಚೇರಿಗೆ ಮೊದಲ ಐದು ಸಲ ಸುಮ್ಮನೆ ಅಲೆದೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಕೇಸ್ ವರ್ಕರ್ ರಜೆ, ಮತ್ತೊಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. “ತಪ್ಪು ಆಸ್ಪತ್ರೆಯಿಂದಲೇ ಬಂದಿದೆ, ಅಲ್ಲೇ ಕೇಳಿ” ಅಂದರು. ಆಸ್ಪತ್ರೆಯವರು “ನಾವು ಕಳಿಸಿ ಆಯ್ತು, ಅವರೇ ತಿದ್ದಬೇಕು” ಅಂದರು. ಹೊರಗೆ ಝೆರಾಕ್ಸ್ ಅಂಗಡಿ ಮುಂದೆ ನಿಂತಿದ್ದವನು ಮೂರು ಸಾವಿರ ಕೊಟ್ಟರೆ ಎರಡೇ ದಿನ ಅಂದ. ಅಪ್ಪನ ಹೆಸರಿಗೆ ಲಂಚ ಕೊಡಲು ಮನಸ್ಸು ಒಪ್ಪಲಿಲ್ಲ.

ಈ ಐದೂ ಸಲ ನನ್ನ ಕೈಯಲ್ಲಿ ಅರ್ಜಿಯೇ ಇರಲಿಲ್ಲ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ ಉತ್ತರ ಬರುತ್ತಿತ್ತು. ನಾನು ಹೋಗಿದ್ದೆ ಅನ್ನುವುದಕ್ಕೆ ಎಲ್ಲೂ ಗುರುತಿಲ್ಲ.

ಆಮೇಲೆ ಕೂತು ಓದಿಕೊಂಡೆ. ಜನನ ಮರಣ ನೋಂದಣಿ ಕಾಯ್ದೆ 1969ರ 15ನೇ ಕಲಂ ಪ್ರಕಾರ, ನಮೂದು ತಪ್ಪಾಗಿದೆ ಅಂತ ಖಾತ್ರಿಯಾದರೆ ತಿದ್ದುವ ಅಧಿಕಾರ ನೋಂದಣಾಧಿಕಾರಿಗೇ ಇದೆ. ಆಸ್ಪತ್ರೆಯಲ್ಲಾದ ಸಾವನ್ನು ವರದಿ ಮಾಡುವ ಹೊಣೆ ಆಸ್ಪತ್ರೆಯದು, ಹಾಗಾಗಿ ಅವರು ಕಳಿಸಿದ ವರದಿಯ ಪ್ರತಿ ಕೇಳಿ ತಂದೆ. ಅದರಲ್ಲಿ ಹೆಸರು ಸರಿಯಾಗಿಯೇ ಇತ್ತು! ತಪ್ಪಾಗಿದ್ದು ಕಂಪ್ಯೂಟರಿಗೆ ಏರಿಸುವಾಗ. ಆ ಪ್ರತಿ, ಅಪ್ಪನ ಆಧಾರ್, ಪಿಂಚಣಿ ಪುಸ್ತಕ, ಜೊತೆಗೆ ಚಿಕ್ಕಪ್ಪ ಮತ್ತು ಪಕ್ಕದ ಮನೆ ಮೇಷ್ಟ್ರು ಸಹಿ ಮಾಡಿದ ಹೇಳಿಕೆ, ಎಲ್ಲ ಸೇರಿಸಿ ಒಂದೇ ಪುಟದ ಅರ್ಜಿ ಬರೆದು ಎರಡು ಪ್ರತಿ ಒಯ್ದೆ. “ಇಟ್ಟು ಹೋಗಿ” ಅಂದರು. ಟಪಾಲು ವಿಭಾಗದಲ್ಲಿ ನನ್ನ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಬೀಳುವವರೆಗೆ ಕದಲಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಇಡೀ ಓಡಾಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಮುಕ್ಕಾಲು ಗಂಟೆಯೇ.

ತಿಂಗಳಾದರೂ ಸುದ್ದಿಯಿಲ್ಲ. ಆಗ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಇನ್ನೊಂದು ಅರ್ಜಿ ಹಾಕಿದೆ. ದೂರು, ಸಿಟ್ಟು, ‘ಯಾಕೆ’ ಯಾವುದೂ ಬೇಡ. ನಮ್ಮ ರಾಜ್ಯದಲ್ಲಿ ಇಂಥ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಇಂಥ ನಂಬರಿನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಅವರ ಹುದ್ದೆ ಏನು, ಯಾವ ದಿನಾಂಕದಿಂದ ಇದೆ, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ, ಇಷ್ಟೇ ಕೇಳಿದ್ದು. ಉತ್ತರಕ್ಕೆ 30 ದಿನ ಗಡುವು. 24ನೇ ದಿನ ಕಚೇರಿಯಿಂದಲೇ ಫೋನ್ ಬಂತು.

ಹೋದಾಗ ಕೇಸ್ ವರ್ಕರ್ ರಿಜಿಸ್ಟರ್ ತೆರೆದು ತೋರಿಸಿದರು. ಮೂಲ ನಮೂದನ್ನು ಅಳಿಸುವ ಹಾಗಿಲ್ಲ, ತಿದ್ದುಪಡಿಯನ್ನು ಅಂಚಿನಲ್ಲಿ ಬರೆದು ಸಹಿ, ದಿನಾಂಕ ಹಾಕಬೇಕು. ಹಳೆಯ ‘ಪ್ಪ’ ಹಾಗೇ ಇತ್ತು, ಪಕ್ಕದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಅಪ್ಪನ ಪೂರ್ತಿ ಹೆಸರು. ಆಕೆಯ ಮೇಜಿನ ಮೇಲೆ ನನ್ನದರಂಥ ಕಡತಗಳ ಎರಡು ಗುಡ್ಡೆ, ಇಡೀ ಕೋಣೆಗೆ ಒಂದೇ ಪ್ರಿಂಟರು. ನನಗೆ ಆಕೆಯ ಮೇಲೆ ಸಿಟ್ಟು ಉಳಿಯಲಿಲ್ಲ. ಆದರೆ ಒಂದು ಸ್ವೀಕೃತಿ ಪಡೆಯಲು ಜನ ಹಟ ಹಿಡಿದು ನಿಲ್ಲಬೇಕಾದ ಸ್ಥಿತಿ ತಪ್ಪು ಅಂತಲೇ ಈಗಲೂ ಅನ್ನುತ್ತೇನೆ.

ತಿದ್ದಿದ ಪ್ರಮಾಣಪತ್ರದ ಆರು ಪ್ರತಿ ತೆಗೆಸಿದೆ. ಕೌಂಟರ್ ಬಿಡುವ ಮೊದಲು ಅಮ್ಮ ಕನ್ನಡಕ ಹಾಕಿಕೊಂಡು ಅಪ್ಪನ ಹೆಸರನ್ನು ಆರರಲ್ಲೂ ಅಕ್ಷರ ಅಕ್ಷರ ಓದಿದಳು.