ಫಾಸ್ಟರ್ ಕೇರ್ ಮಕ್ಕಳ ಮೊಬೈಲ್: ಹಳೇ ಖಾತೆಗಳಿಂದ ಶುರುಮಾಡಿ

ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಬದಲು ಬೇರೆ ಕುಟುಂಬ ತಾತ್ಕಾಲಿಕವಾಗಿ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ಹದಿಹರೆಯದ ಮಗು ಮನೆಗೆ ಬಂದ ಕೂಡಲೇ ಕೆಲವರು ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಾರೆ. ಬೇಡ. ಆ ಮಗು ಗೆಳೆಯರ ಫೋನಿನಲ್ಲಿ ಲಾಗಿನ್ ಆಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಮೊದಲು ಕೇಸ್ ನೋಡಿಕೊಳ್ಳುವ ಸಮಾಜ ಕಾರ್ಯಕರ್ತರನ್ನು ಕೇಳಿ. ಹೆತ್ತವರ ಜೊತೆ ಚಾಟ್ ಮಾಡಬಹುದೇ, ಮಗುವಿನ ಫೋಟೊ ಹಾಕಬಹುದೇ ಅಂತ ಅವರು ಹೇಳಲಿ, ನೀವೇ ತೀರ್ಮಾನಿಸಬೇಡಿ.

ಆಮೇಲೆ ಹಳೇ ಖಾತೆಗಳು. ಜಾಸ್ತಿ ಜನ ಎಡವುವುದು ಇಲ್ಲೇ. ಪಾಸ್‌ವರ್ಡ್ ಬದಲಾಯಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ರಿಕವರಿ ನಂಬರ್ ಹಳೇ ಮನೆಯವರದೇ ಆಗಿದ್ದರೆ? 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿ, ಒಟಿಪಿ ತರಿಸಿಕೊಂಡು ಅವರು ಮತ್ತೆ ಒಳಗೆ ಬರುತ್ತಾರೆ. ಅದಕ್ಕೇ ಇಮೇಲ್‌ನಿಂದ ಶುರುಮಾಡಿ, ಉಳಿದ ಖಾತೆಗಳು ಅದಕ್ಕೇ ಜೋತುಬಿದ್ದಿರುತ್ತವೆ. ಮೊದಲು ರಿಕವರಿ ನಂಬರ್ ಮತ್ತು ಇಮೇಲ್, ಆಮೇಲೆ ಪಾಸ್‌ವರ್ಡ್, ಆಮೇಲೆ ಎಲ್ಲ ಸಾಧನಗಳಿಂದ ಲಾಗೌಟ್, ಕೊನೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳುವುದು). ವಾಟ್ಸ್ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ನೋಡಿ, ಯಾವುದೋ ಹಳೇ ಲ್ಯಾಪ್‌ಟಾಪ್ ಅಲ್ಲಿ ಕೂತಿರಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಶೇರಿಂಗ್ ನೋಡಿ. ಫೋನ್ ಕೊಡಿಸಿದವರ ಗೂಗಲ್ ಅಥವಾ ಆ್ಯಪಲ್ ಖಾತೆಯ ಫ್ಯಾಮಿಲಿ ಗ್ರೂಪ್‌ನಲ್ಲಿ ಮಗು ಇನ್ನೂ ಇದೆಯೇ ಅಂತಲೂ ನೋಡಿ.

ಇದೆಲ್ಲ ಮಗುವಿನ ಪಕ್ಕದಲ್ಲಿ ಕೂತೇ ಮಾಡಿ, ಫೋನ್ ಅದರ ಕೈಯಲ್ಲೇ ಇರಲಿ. ಖಾತೆ ಡಿಲೀಟ್ ಮಾಡಿಸಬೇಡಿ. ಒಡಹುಟ್ಟಿದವರ ಫೋಟೊ ಇರುವುದು ಅದೊಂದರಲ್ಲೇ ಇರಬಹುದು, ಅಲ್ವಾ? ರಿಕವರಿಗೆ ನಿಮ್ಮ ನಂಬರ್ ಹಾಕುವ ಸುಲಭದ ದಾರಿಯೂ ಬೇಡ. ನಾಳೆ ಮಗು ಬೇರೆ ಮನೆಗೆ ಹೋದರೆ ಅದೇ ತೊಂದರೆ ಮತ್ತೆ ಶುರು.

ಸ್ನ್ಯಾಪ್‌ಚಾಟ್‌ನಲ್ಲಿ ಗೋಸ್ಟ್ ಮೋಡ್ ಹಾಕಿ, ಆಗ ಮಗು ಇರುವ ಜಾಗ ಅದರ ಮ್ಯಾಪ್‌ನಲ್ಲಿ ಗೆಳೆಯರಿಗೆ ಕಾಣುವುದಿಲ್ಲ. ಇನ್‌ಸ್ಟಾಗ್ರಾಂ ಖಾತೆ ಪ್ರೈವೇಟ್ ಆಗಿರಲಿ, ಕಾಂಟ್ಯಾಕ್ಟ್ಸ್ ಸಿಂಕ್ ಆಫ್ ಇರಲಿ. ಫೋಟೊದಲ್ಲಿ ಶಾಲೆಯ ಯೂನಿಫಾರ್ಮ್ ಕಾಣದಿರಲಿ. ಗೆಳೆಯರು ಮಾಡುವ ಟ್ಯಾಗ್ ತಾನಾಗೇ ಕಾಣಿಸಿಕೊಳ್ಳದಂತೆ ಸೆಟ್ ಮಾಡಿ.

ಗುಟ್ಟಾಗಿ ಚಾಟ್ ಓದುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಸಿಕ್ಕಿಬಿದ್ದ ದಿನ ನಂಬಿಕೆ ಹೋಯಿತು, ಮೇಲಾಗಿ ಮಗುವಿನ ಮಾತೆಲ್ಲ ಇನ್ಯಾರದೋ ಸರ್ವರ್‌ನಲ್ಲಿ.

ಕೊನೆಯದು, ಬೆದರಿಕೆ. ಯಾರಾದರೂ ಖಾಸಗಿ ಫೋಟೊ ಹಿಡಿದು ದುಡ್ಡು ಕೇಳಿದರೆ 'ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ, ನನಗೆ ಹೇಳು' ಅಂತ ಇವತ್ತೇ ಹೇಳಿಡಿ. ದುಡ್ಡು ಕೊಡಬಾರದು. ಚಾಟ್ ಅಳಿಸಬಾರದು. ಆ ಫೋಟೊವನ್ನು ಸಾಕ್ಷಿಗೆಂದೂ ಯಾರಿಗೂ ಫಾರ್ವರ್ಡ್ ಮಾಡಬಾರದು. ಬೆದರಿಸಿದವರ ಯೂಸರ್‌ನೇಮ್ ಬರೆದಿಟ್ಟುಕೊಂಡು ಪೊಲೀಸರಿಗೂ ಸಮಾಜ ಕಾರ್ಯಕರ್ತರಿಗೂ ತಿಳಿಸಿ. 18 ತುಂಬುವ ಮೊದಲು ತೆಗೆದ ನಗ್ನ ಫೋಟೊ ಆದರೆ ಅದನ್ನು ಆನ್‌ಲೈನ್‌ನಿಂದ ತೆಗೆಸಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಫೋಟೊ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು (ಫೋಟೊದಿಂದ ತಯಾರಾಗುವ ಒಂದು ಕೋಡ್) ಮಾತ್ರ ಸೇವೆಯಲ್ಲಿ ಸೇರಿರುವ ಕಂಪನಿಗಳಿಗೆ ಹೋಗುತ್ತದೆ. ಹೆಸರು ಹೇಳಬೇಕಾಗಿಲ್ಲ.