ಮೊಲಕ್ಕೆ ಹುಲ್ಲು ತರುವಾಗ ಮೂಗು ಜೊತೆಗಿರಲಿ

ಬೆಂಗಳೂರಿನಲ್ಲಿ ಮೇವಿನ ಅಂಗಡಿಗೆ ಹೋಗಿ ‘ಒಣಹುಲ್ಲು ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಭತ್ತದ ಹುಲ್ಲು. ತಪ್ಪು ಅಂಗಡಿಯವರದ್ದಲ್ಲ. ಕಾಳು ಬಡಿದ ಮೇಲೆ ಉಳಿಯುವ ಹಳದಿ ಕಡ್ಡಿಯನ್ನೂ ನಾವು ಒಣಹುಲ್ಲು ಅಂತೀವಿ, ಹಸಿರಾಗಿದ್ದಾಗಲೇ ಕೊಯ್ದು ಒಣಗಿಸಿದ್ದನ್ನೂ ಒಣಹುಲ್ಲು ಅಂತೀವಿ. ಹಸು ಎರಡನ್ನೂ ತಿಂದು ಸುಧಾರಿಸಿಕೊಳ್ಳುತ್ತದೆ. ಮೊಲಕ್ಕೆ ಬೇಕಾಗಿರುವುದು ಎರಡನೆಯದು.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಮೊದಲ ಮೊಲ ತಂದಾಗ ಮಾರಿದವರು ‘ಕ್ಯಾರೆಟ್ ಹಾಕಿ, ಸಾಕು’ ಅಂದಿದ್ದರು. ನಾನೂ ದಿನಾ ಹಾಕಿದೆ. ಒಂದು ಸಂಜೆ ಅದು ಮೂಲೆ ಹಿಡಿದು ಕೂತಿತು, ಮೇವು ಮುಟ್ಟಲಿಲ್ಲ, ಒಂದು ಹಿಕ್ಕೆಯೂ ಇಲ್ಲ. ಡಾಕ್ಟರು ಮೊದಲು ಕೇಳಿದ್ದೇ ‘ಯಾವ ಹುಲ್ಲು ಹಾಕ್ತೀರಿ?’ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾರಣ ಸರಳ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವರ್ಷಕ್ಕೆ ಸುಮಾರು 10 ಸೆಂಟಿಮೀಟರ್. ದಿನವಿಡೀ ಹುಲ್ಲು ಅಗಿದರೇನೇ ಅದು ಸವೆಯುವುದು. ಕರುಳು ಓಡುವುದೂ ನಾರಿನಿಂದಲೇ. ಅದು ನಿಂತರೆ ಕಷ್ಟ, ಯಾಕೆಂದರೆ ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. 12 ಗಂಟೆ ಏನೂ ತಿನ್ನದಿದ್ದರೆ ‘ಬೆಳಗಾಗಲಿ ನೋಡೋಣ’ ಅನ್ನಬೇಡಿ, ತಕ್ಷಣ ಪಶುವೈದ್ಯರ ಹತ್ತಿರ ಹೋಗಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಮೊದಲ ಹೆಜ್ಜೆ: ಯಾವ ಹುಲ್ಲು

ಪ್ಯಾಕೆಟ್ಟಿನಲ್ಲಿ ಸಿಗುವ ಟಿಮೊಥಿ ಚಳಿ ದೇಶದ ಹುಲ್ಲು. ಒಳ್ಳೆಯದೇ, ಆದರೆ ಹೊರದೇಶದಿಂದ ಬರುವುದರಿಂದ ಬೆಲೆ ಕೈ ಸುಡುತ್ತದೆ. ಅದೇ ಬೇಕು ಅಂತೇನೂ ಇಲ್ಲ. ನಮ್ಮ ಬಿಸಿಲಿಗೆ ಬೆಳೆಯುವ ರೋಡ್ಸ್ ಹುಲ್ಲು, ಗಿನಿ ಹುಲ್ಲು, ಗಣೇಶನ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಕಟ್ಟುಗಟ್ಟಲೆ ಸಿಗುವ ಗರಿಕೆ, ಇವನ್ನು ಹಸಿರಿದ್ದಾಗ ಕೊಯ್ದು ಒಣಗಿಸಿದ್ದರೆ ಧಾರಾಳವಾಗಿ ಸಾಕು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ವಾಸಿ, ಅಗಿಯಲು ಜೊತೆಗೆ ಹಾಕಬಹುದು, ಅದೊಂದನ್ನೇ ನಂಬಬೇಡಿ. ಭತ್ತದ ಹುಲ್ಲನ್ನು ಕೆಳಗೆ ಹಾಸಿ, ಮಲಗಲು ಚೆನ್ನಾಗಿರುತ್ತದೆ.

ಎಲ್ಲರೂ ಎಡವುವುದು ಕುದುರೆ ಮಸಾಲೆಯಲ್ಲಿ, ಅಂದರೆ ಲೂಸರ್ನ್, ಅಲ್ಫಾಲ್ಫಾ ಅಂತ ಮಾರುವುದೂ ಇದನ್ನೇ. ಮೊಲ ಮುಗಿಬಿದ್ದು ತಿನ್ನುತ್ತದೆ, ನೋಡಿದ ನಮಗೂ ಖುಷಿ. ಆದರೆ ಇದು ಹುಲ್ಲಲ್ಲ, ದ್ವಿದಳ ಗಿಡ. ಪ್ರೋಟೀನು, ಕ್ಯಾಲ್ಸಿಯಂ ಎರಡೂ ಜಾಸ್ತಿ. ಬೇರೆ ಪ್ರಾಣಿಗಳ ಹಾಗೆ ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿ ಮಿಕ್ಕಿದ್ದನ್ನು ಬಿಡುವುದು ಮೊಲಕ್ಕೆ ಗೊತ್ತಿಲ್ಲ; ಸಿಕ್ಕಿದ್ದನ್ನೆಲ್ಲ ಹೀರಿಕೊಂಡು ಮೂತ್ರದಲ್ಲಿ ಹೊರಹಾಕುತ್ತದೆ, ಅತಿಯಾದರೆ ಮೂತ್ರ ಸುಣ್ಣದ ನೀರಿನಂತೆ ಗಟ್ಟಿಯಾಗುತ್ತದೆ, ಕಲ್ಲೂ ಆಗಬಹುದು. ಹಾಗಾಗಿ 6 ತಿಂಗಳೊಳಗಿನ ಮರಿಗೆ, ಗಬ್ಬದ ಮತ್ತು ಹಾಲೂಡುವ ತಾಯಿಗೆ ಮಾತ್ರ ಇದನ್ನು ಕೊಡಿ.

ಎರಡನೆಯದು: ಅಂಗಡಿಯಲ್ಲೇ ಪರೀಕ್ಷೆ

ಚೀಲದ ಮೇಲಿನ ಹುಲ್ಲನ್ನು ನೋಡಿ ದುಡ್ಡು ಕೊಡಬೇಡಿ, ಮಧ್ಯದಿಂದ ಒಂದು ಹಿಡಿ ಎಳೆಯಿರಿ. ಮಾಸಿದ ಹಸಿರು ಬಣ್ಣ ಇರಬೇಕು. ಮೂಗಿಗೆ ಹಿಡಿದರೆ ಚಹಾಪುಡಿಯಂಥ, ಒಣಗಿದ ಸೊಪ್ಪಿನಂಥ ಘಮ ಬರಬೇಕು. ಮುಗ್ಗಲು ವಾಸನೆ ಬಂತಾ, ಅಲ್ಲೇ ಇಟ್ಟು ಬನ್ನಿ. ಆಮೇಲೆ ಹಳೇ ಪೇಪರಿನ ಮೇಲೆ ಕೊಡವಿ. ಬೂದಿಯಂಥ ಪುಡಿ ಉದುರಿದರೆ ಅದು ಧೂಳಾದರೂ ಇರಬಹುದು, ಬೂಷ್ಟಾದರೂ ಇರಬಹುದು, ಎರಡೂ ಮೊಲದ ಮೂಗಿಗೆ ಆಗದು. ಕಪ್ಪು, ಬಿಳಿ ಕಲೆ ಇದ್ದರೆ ‘ಸ್ವಲ್ಪ ತಾನೇ, ಕಿತ್ತು ಹಾಕ್ತೀನಿ’ ಅನ್ನುವ ಲೆಕ್ಕ ಬೇಡ.

ಸ್ವಂತವಾಗಿ ಒಣಗಿಸುವವರಿಗೆ ಒಂದೆರಡು ಮಾತು. ಹೂ ಬಿಡುವ ಮುಂಚೆ ಕೊಯ್ಯಿರಿ, ತೆಳ್ಳಗೆ ಹರಡಿ, ಕಡ್ಡಿ ಬಗ್ಗಿಸಿದರೆ ಪಟ್ಟಂತ ಮುರಿಯುವವರೆಗೆ ದಿನಾ ತಿರುವಿ ಹಾಕಿ. ಖಾಲಿ ಸೈಟಿನ ಹುಲ್ಲು ಪುಕ್ಕಟೆ ಅಂತ ಆಸೆ ಪಡಬೇಡಿ: ನಡುವೆ ಪಾರ್ಥೇನಿಯಂ ಅನ್ನುವ ವಿಷದ ಕಳೆ ಇರುತ್ತದೆ, ಬೀದಿನಾಯಿಗಳು ಕಾಲೆತ್ತಿರುತ್ತವೆ. ಕೊಳಚೆ ಸೇರುವ ಕೆರೆಯಂಚಿನದ್ದೂ ಬೇಡ. ಮಷಿನ್ನಿನಲ್ಲಿ ಕತ್ತರಿಸಿದ ಲಾನ್ ಹುಲ್ಲು ರಾಶಿಯಲ್ಲೇ ಬಿಸಿಯಾಗಿ ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ.

ಆಮೇಲೆ ಪೆಲೆಟ್ಟು, ಸೊಪ್ಪು

ಹುಲ್ಲು ದಿನಕ್ಕೆ ಮೊಲದಷ್ಟೇ ದೊಡ್ಡ ರಾಶಿ, ಯಾವಾಗಲೂ ಎದುರಿಗಿರಲಿ. ಪೆಲೆಟ್ಟು, ಅಂದರೆ ಪುಡಿ ಮೇವನ್ನು ಒತ್ತಿ ಮಾಡಿದ ಗುಳಿಗೆ, ಸಾಕುಮೊಲದ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರದಿರಲಿ. ಚೀಲದ ಹಿಂದೆ ಓದಿ: ನಾರು 18 ಶೇಕಡಕ್ಕಿಂತ ಮೇಲೆ, ಪ್ರೋಟೀನು 12ರಿಂದ 14. ಬಣ್ಣದ ಬೀಜ, ಒಣಹಣ್ಣು ಬೆರೆಸಿದ್ದು ನಮ್ಮ ಕಣ್ಣಿಗೆ ಚೆಂದ ಅಷ್ಟೆ, ಮೊಲ ಸಿಹಿಯನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ.

ಫಾರಂ ನಡೆಸುವವರ ಲೆಕ್ಕವೇ ಬೇರೆ. ಹಾಲೂಡುವ ತಾಯಿಗೂ ಬೆಳೆಯುವ ಮರಿಗೂ 16ರಿಂದ 18 ಶೇಕಡ ಪ್ರೋಟೀನು ಬೇಕು. ಕನಕಪುರ, ರಾಮನಗರದ ಕಡೆ ಹಿಪ್ಪುನೇರಳೆ ಸೊಪ್ಪು ಸಿಗುತ್ತದಲ್ಲ, ಅದರಿಂದ ಫೀಡಿನ ಖರ್ಚು ಎಷ್ಟೋ ಇಳಿಯುತ್ತದೆ. ಔಷಧಿ ಹೊಡೆದು ಎಷ್ಟು ದಿನವಾಯಿತು ಅಂತ ಮಾತ್ರ ಕೇಳಿಕೊಳ್ಳಿ. ಎಳೆ ಜೋಳದ ಪೈರು ವಿಷ, ಹಾಕಲೇಬೇಡಿ. ಹಸುವಿನ ಫೀಡಿನಲ್ಲಿ ಯೂರಿಯಾ ಇರಬಹುದು, ಅದೂ ಬೇಡ. ಕಡಲೆಕಾಯಿ ಹಿಂಡಿ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಇಡೀ ಗೂಡೇ ಖಾಲಿಯಾದೀತು. ಮೇವು ನೀವೇ ಬೆಳೆಯುವುದಾದರೆ ಹೆಸರಘಟ್ಟದ ಮೇವು ಕೇಂದ್ರದಲ್ಲಿ ವಿಚಾರಿಸಿ.

ಮನೆಯಲ್ಲಿ ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು ತೊಳೆದು ಒಂದು ಹಿಡಿ ಕೊಡಿ. ಪಾಲಕ್, ದಂಟು ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಬೆಣ್ಣೆಹಣ್ಣು ಬೇಡವೇ ಬೇಡ. ಕ್ಯಾರೆಟ್ಟು? ಬೆರಳ ತುದಿಯಷ್ಟು, ಯಾವಾಗಲಾದರೂ.

ಕೊನೆಗೆ, ಇಡುವುದು ಮತ್ತು ಬದಲಿಸುವುದು

ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಯುಟಿಲಿಟಿಯಲ್ಲಿಟ್ಟ ಹುಲ್ಲು ವಾರದಲ್ಲಿ ಕೆಡುತ್ತದೆ. ಪ್ಲಾಸ್ಟಿಕ್ ಬಿಗಿದು ಕಟ್ಟಿದರೆ ಒಳಗೇ ಬೆವರುತ್ತದೆ. ಗೋಣಿಚೀಲದಲ್ಲಿ ಹಾಕಿ ನೆಲದಿಂದ ಮೇಲೆ, ಹಲಗೆಯ ಮೇಲೆ ಇಡಿ. ಹೊಸ ಹುಲ್ಲನ್ನೋ ಹೊಸ ಪೆಲೆಟ್ಟನ್ನೋ ಹಳೆಯದರ ಜೊತೆ ಬೆರೆಸುತ್ತಾ 7ರಿಂದ 10 ದಿನದಲ್ಲಿ ಬದಲಿಸಿ.

ಬದಲಾವಣೆ ಒಗ್ಗಿತಾ ಅಂತ ತಿಳಿಯಲು ಬೆಳಿಗ್ಗೆ ಹಿಕ್ಕೆ ನೋಡಿ. ದುಂಡಗೆ, ಒಣಗಿ, ಬೆರಳಲ್ಲಿ ಒತ್ತಿದರೆ ಹೊಟ್ಟಿನಂತೆ ಪುಡಿಯಾದರೆ ಸರಿ. ಸಣ್ಣಗಾಗಿ ಕಡಿಮೆಯಾದರೆ ಹುಲ್ಲು ಸಾಲುತ್ತಿಲ್ಲ. ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಮೊಲ ತಾನೇ ತಿಂದುಬಿಡುತ್ತದೆ, ಅದು ಅದರ ಸಹಜ ಗುಣ, ಹೇಸಬೇಡಿ. ಅದು ತಿನ್ನದೆ ಬಿದ್ದಿದ್ದರೆ ಮಾತ್ರ ಪೆಲೆಟ್ಟು ಅರ್ಧಕ್ಕೆ ಇಳಿಸಿ.